ಚಳಿ ಕಮ್ಮಿ ಆಯ್ತು ಅಂತ ಖುಷಿ ಪಡೋ ಮುಂಚೆ: ಕೆನಡಾದಲ್ಲಿರೋ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಕೆನಡಾದಲ್ಲಿ, ಅದರಲ್ಲೂ ಒಂಟಾರಿಯೋದಲ್ಲಿ ನೆಲೆಸಿರೋ ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ.

ಡಿಸೆಂಬರ್ ಅರ್ಧ ಕಳೆದ್ರೂ ಸ್ನೋ ಬೀಳದೆ ಇದ್ರೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಹಬ್ಬದ ಸಂಭ್ರಮ, "ಈ ಸಲ ಚಳಿನೇ ಇಲ್ಲ ಗುರೂ", "ಶವೆಲ್ ಇನ್ನೂ ಮುಟ್ಟೇ ಇಲ್ಲ" ಅಂತ ಮೆಸೇಜ್ ಮೇಲೆ ಮೆಸೇಜ್. ಯಾಕೆ ಅಂತ ನಂಗೂ ಗೊತ್ತು. ಬೆಳಗ್ಗೆ ಆರಕ್ಕೆ ಎದ್ದು ಡ್ರೈವ್‌ವೇ ಕ್ಲೀನ್ ಮಾಡಿ, ಕಾರಿನ ಗ್ಲಾಸ್ ಕೆರೆದು ಕೆಲಸಕ್ಕೆ ಓಡೋರಿಗೆ, ಊರಿಂದ ಬಂದಿರೋ ಅಪ್ಪ ಅಮ್ಮ ಐಸ್ ಮೇಲೆ ಎಲ್ಲಿ ಜಾರಿ ಬಿದ್ದುಬಿಡ್ತಾರೋ ಅಂತ ಹೆದರೋರಿಗೆ ಮೆತ್ತಗಿನ ಚಳಿಗಾಲ ಅಂದ್ರೆ ನೆಮ್ಮದಿನೇ. ಆದ್ರೆ ಅದೇ ಮೆತ್ತಗಿನ ಚಳಿಗಾಲ ನಮ್ಮ ಮನೆಯಿಂದ ಉತ್ತರಕ್ಕೆ ಕೆಲವು ಗಂಟೆ ಡ್ರೈವ್ ಮಾಡಿದ್ರೆ ಶುರುವಾಗೋ ಕಾಡಲ್ಲಿ ಏನು ಮಾಡ್ತಿದೆ ಅನ್ನೋದನ್ನ ನಾವು ಯಾರೂ ಮಾತಾಡ್ತಿಲ್ಲ. ಅದನ್ನ ಹೇಳೋಕೆ ಈ ಪತ್ರ, ಕೊನೇಲಿ ಒಂದು ಕೆಲಸನೂ ಕೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ಬೋರಿಯಲ್ ಕಾಡು ಅಂತೀವಲ್ಲ, ಸ್ಪ್ರೂಸ್, ಫರ್, ಪೈನ್, ಬರ್ಚ್ ಮರಗಳ ಕಾಡು, ಅದು ಕೆನಡಾ ಒಂದರಲ್ಲೇ ಸುಮಾರು 27 ಕೋಟಿ ಹೆಕ್ಟೇರ್ ಇದೆ. ಇಡೀ ಕರ್ನಾಟಕ ಇರೋದು 1.92 ಕೋಟಿ ಹೆಕ್ಟೇರ್, ಅಂದ್ರೆ ಹದಿನಾಲ್ಕು ಕರ್ನಾಟಕ ಹಿಡಿಸುವಷ್ಟು ಕಾಡು. ಅಷ್ಟು ದೊಡ್ಡದಕ್ಕೆ ಏನಾಗುತ್ತೆ ಬಿಡಿ ಅಂತ ಅನ್ನಿಸಬಹುದು. ಆದ್ರೆ ಕೆನಡಾ ಸರ್ಕಾರವೇ 2019ರಲ್ಲಿ ಹೊರಡಿಸಿದ ಹವಾಮಾನ ವರದಿ ಪ್ರಕಾರ 1948ರಿಂದ 2016ರ ಒಳಗೆ ಈ ದೇಶದ ಸರಾಸರಿ ತಾಪಮಾನ 1.7 ಡಿಗ್ರಿ ಏರಿದೆ, ಉತ್ತರದ ಭಾಗದಲ್ಲಿ 2.3 ಡಿಗ್ರಿ. ಜಗತ್ತಿನ ಸರಾಸರಿಗಿಂತ ಎರಡು ಪಟ್ಟು ವೇಗ, ಮತ್ತು ಈ ಏರಿಕೆ ಎಲ್ಲಕ್ಕಿಂತ ಜಾಸ್ತಿ ಆಗಿರೋದು ಚಳಿಗಾಲದಲ್ಲೇ. ಒಟ್ಟಾವದ ರಿಡೋ ಕೆನಾಲ್ ಸ್ಕೇಟಿಂಗಿಗೆ ನಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನ ಕರ್ಕೊಂಡು ಹೋಗಿದ್ದೀವಿ, 2023ರ ಚಳಿಗಾಲದಲ್ಲಿ ಅದು ಅದರ ಇತಿಹಾಸದಲ್ಲೇ ಮೊದಲ ಸಲ ಒಂದು ದಿನವೂ ಓಪನ್ ಆಗ್ಲಿಲ್ಲ.

ನಮಗೆ ಸ್ನೋ ಅಂದ್ರೆ ತೊಂದರೆ, ಕಾಡಿನ ಪ್ರಾಣಿಗಳಿಗೆ ಅದು ಮನೆ. ಹೊರಗೆ ಮೈನಸ್ 30 ಇದ್ರೂ ದಪ್ಪ ಹಿಮದ ಅಡಿಯಲ್ಲಿ, ನೆಲದ ಮಟ್ಟದಲ್ಲಿ, ಸೊನ್ನೆ ಡಿಗ್ರಿ ಆಸುಪಾಸು ಇರುತ್ತೆ. ಆ ಸಂದಿಯಲ್ಲಿ ವೋಲ್ ಅನ್ನೋ ಪುಟ್ಟ ಇಲಿಗಳು, ಮೂಗಿಲಿಗಳು ಇಡೀ ಚಳಿಗಾಲ ಓಡಾಡ್ಕೊಂಡು, ತಿನ್ಕೊಂಡು ಇರ್ತಾವೆ, ಅವನ್ನ ಹಿಡಿಯೋಕೆ ಮಾರ್ಟೆನ್, ವೀಸೆಲ್‌ನಂಥ ಸಪೂರ ದೇಹದ ಬೇಟೆಗಾರ ಪ್ರಾಣಿಗಳು ಹಿಮದೊಳಗೆ ತೂರ್ಕೊಂಡು ಹೋಗ್ತಾವೆ. ಜನವರಿಯಲ್ಲಿ ಒಂದು ದಿನ ಮಳೆ ಬಂದು ಮಾರನೇ ದಿನ ಫ್ರೀಜ್ ಆದ್ರೆ ಸಾಕು, ಮೇಲೆ ಗಾಜಿನಂಥ ಪದರ ಕಟ್ಟಿ ಆ ದಾರಿಯೆಲ್ಲ ಮುಚ್ಚಿಹೋಗುತ್ತೆ. ನಮ್ಮ ಊರಲ್ಲಿ ಅದನ್ನ ಫ್ರೀಜಿಂಗ್ ರೇನ್ ಅಂತೀವಿ, ಸ್ಕೂಲ್ ಬಸ್ ಕ್ಯಾನ್ಸಲ್ ಆಗುತ್ತೆ, ಅಲ್ಲಿಗೆ ನಮ್ಮ ಕಥೆ ಮುಗೀತು. ರಷ್ಯಾದ ಯಮಾಲ್‌ನಲ್ಲಿ 2013ರ ನವೆಂಬರಲ್ಲಿ ಇದೇ ಥರ ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿ, ಕೆಳಗಿನ ಮೇವು ಕೈಗೆ ಸಿಗದೆ, ಆ ಚಳಿಗಾಲದಲ್ಲಿ 61,000 ಹಿಮಸಾರಂಗ ಹಸಿವಿಂದ ಸತ್ತವು. ಅಲ್ಲಿನ ನೆನೆಟ್ಸ್ ಜನಕ್ಕೆ ಅದು ಇಡೀ ಜೀವನೋಪಾಯ.

ಈಗ ಒಂದೊಂದೇ ಪ್ರಾಣಿ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ "ಹವಾಮಾನ ಬದಲಾವಣೆ" ಅಂತ ಒಟ್ಟಾಗಿ ಹೇಳಿದ್ರೆ ಯಾರ ಮನಸ್ಸಿಗೂ ತಟ್ಟಲ್ಲ.

ಸ್ನೋಶೂ ಮೊಲ. ಹಿಂಗಾಲು ಅಗಲವಾಗಿ, ಹಿಮದ ಮೇಲೆ ಹೂತುಹೋಗದೆ ಓಡೋ ಹಾಗೆ ಇರುತ್ತೆ. ಬೇಸಿಗೆಯಲ್ಲಿ ಕಂದು, ಚಳಿಗಾಲ ಬರೋಷ್ಟರಲ್ಲಿ ಮೈಯೆಲ್ಲ ಬಿಳಿ. ಈ ಬಣ್ಣ ಬದಲಾವಣೆಗೆ ಸಿಗ್ನಲ್ ಕೊಡೋದು ಚಳಿಯಲ್ಲ, ಹಿಮನೂ ಅಲ್ಲ, ಹಗಲಿನ ಉದ್ದ. ಹಗಲು ಇಷ್ಟು ಕಿರಿದಾಯ್ತು ಅಂದ್ರೆ ಮೈ ಬಿಳಿ ಆಗೋಕೆ ಶುರು, ಹೊರಗೆ ಹಿಮ ಇದೆಯೋ ಇಲ್ವೋ ಅದಕ್ಕೆ ಸಂಬಂಧ ಇಲ್ಲ. ಹಗಲಿನ ಉದ್ದ ಸಾವಿರಾರು ವರ್ಷದಿಂದ ಬದಲಾಗಿಲ್ಲ, ಹಿಮ ಬೀಳೋ ದಿನ ಮಾತ್ರ ಮುಂದೆ ಮುಂದೆ ಹೋಗ್ತಿದೆ. ಹಂಗಾಗಿ ನವೆಂಬರಲ್ಲಿ ಕಂದು ಎಲೆಗಳ ಮೇಲೆ ಹಾಲಿನಷ್ಟು ಬಿಳಿ ಮೊಲ ಕೂತಿರುತ್ತೆ, ತಾನು ಯಾರಿಗೂ ಕಾಣ್ತಿಲ್ಲ ಅನ್ನೋ ಧೈರ್ಯದಲ್ಲಿ ಅಲ್ಲಾಡದೆ ಕೂತಿರುತ್ತೆ, ನೂರು ಹೆಜ್ಜೆ ದೂರದಿಂದ ನಮ್ಮ ಕಣ್ಣಿಗೇ ಎದ್ದು ಕಾಣುತ್ತೆ ಅಂದ್ಮೇಲೆ ನರಿ, ಗೂಬೆ, ಲಿಂಕ್ಸ್ ಅನ್ನೋ ಕಾಡುಬೆಕ್ಕಿನ ಕಣ್ಣಿಗೆ ಕಾಣಲ್ವಾ? ಮಾಂಟಾನಾದಲ್ಲಿ ರೇಡಿಯೋ ಕಾಲರ್ ಹಾಕಿ ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರು 2016ರಲ್ಲಿ ಹೇಳಿದ್ದು, ಹೀಗೆ ಬಣ್ಣ ಹೊಂದದ ಮೊಲಗಳು ಒಂದು ವಾರ ಬದುಕುಳಿಯೋ ಸಾಧ್ಯತೆ ಶೇಕಡಾ 7ರವರೆಗೂ ಕಮ್ಮಿ ಆಗುತ್ತೆ ಅಂತ. ವಾರಕ್ಕೆ 7 ಅಂದ್ರೆ ಸಣ್ಣ ಸಂಖ್ಯೆ ಅನ್ಕೋಬೇಡಿ, ವಾರದ ಮೇಲೆ ವಾರ ಸೇರಿಸ್ಕೊಂಡು ಹೋಗಿ. ಪೆಸಿಫಿಕ್ ಕರಾವಳಿ ಕಡೆ ಚಳಿಗಾಲದಲ್ಲೂ ಕಂದಾಗೇ ಇರೋ ಮೊಲಗಳಿದಾವೆ, ಆ ಜೀನ್ ಯಾವತ್ತೋ ಬೇರೆ ಜಾತಿಯ ಜ್ಯಾಕ್‌ರ‍್ಯಾಬಿಟ್ ಜೊತೆ ಬೆರೆತಾಗ ಬಂದಿದ್ದು ಅಂತ 2018ರಲ್ಲಿ ಗೊತ್ತಾಯ್ತು, ಹಾಗಾಗಿ ಪ್ರಕೃತಿಗೆ ದಾರಿ ಇಲ್ಲವೇ ಇಲ್ಲ ಅಂತಲ್ಲ, ಆದ್ರೆ ಅದಕ್ಕೆ ತಲೆಮಾರುಗಳು ಬೇಕು, ದೊಡ್ಡ ಅಖಂಡ ಕಾಡು ಬೇಕು.

ಇನ್ನೊಂದು ವಿಷ್ಯ ಗೊತ್ತಾ, ಈ ಮೊಲ ಚಳಿಗಾಲದಲ್ಲಿ ಮಾಂಸನೂ ತಿನ್ನುತ್ತೆ. ಯುಕಾನ್‌ನಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಸತ್ತ ಹಕ್ಕಿ, ಸತ್ತ ಮೊಲ, ಕೊನೆಗೆ ತನ್ನನ್ನೇ ಬೇಟೆಯಾಡೋ ಲಿಂಕ್ಸ್‌ನ ಹೆಣವನ್ನೂ ತಿಂತಿದ್ದಿದ್ದು ರೆಕಾರ್ಡ್ ಆಗಿದೆ. ಇನ್ನು ಆ ಲಿಂಕ್ಸ್, ಅದರ ಬದುಕು ನಿಂತಿರೋದೇ ಈ ಮೊಲದ ಮೇಲೆ, ಸುಮಾರು ಹತ್ತು ವರ್ಷಕ್ಕೊಮ್ಮೆ ಮೊಲ ಹೆಚ್ಚುತ್ತೆ, ಹಿಂದೆನೇ ಲಿಂಕ್ಸ್ ಹೆಚ್ಚುತ್ತೆ, ಮೊಲ ಕುಸಿಯುತ್ತೆ, ಲಿಂಕ್ಸೂ ಕುಸಿಯುತ್ತೆ, ಈ ಏರಿಳಿತ ಹಡ್ಸನ್ಸ್ ಬೇ ಕಂಪನಿಯ ಹಳೇ ತುಪ್ಪಳದ ಲೆಕ್ಕದ ಪುಸ್ತಕಗಳಲ್ಲೇ ಸಿಕ್ಕಿದ್ದು. ಲಿಂಕ್ಸಿನ ಅಗಲ ಪಾದ ಆಳ ಹಿಮಕ್ಕೇ ಆಗಿದ್ದು. ಹಿಮ ಕಮ್ಮಿ ಆದಷ್ಟೂ ದಕ್ಷಿಣದಿಂದ ಬಾಬ್‌ಕ್ಯಾಟ್, ಕಯೋಟಿಗಳಿಗೆ ದಾರಿ ಸಲೀಸು.

ಮೂಸ್ ಅನ್ನೋ ದೈತ್ಯ ಜಿಂಕೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಮ್ಮಲ್ಲಿ ಬಹಳ ಜನ ಅದನ್ನ ನೋಡಿರ್ತೀರಿ. ವಸಂತದಲ್ಲಿ ಅಲ್ಗಾಂಕ್ವಿನ್ ಪಾರ್ಕಿನ ಹೈವೇ 60ರಲ್ಲಿ ಹೋದ್ರೆ ರಸ್ತೆ ಬದಿ ಚರಂಡಿಯಲ್ಲಿ ನಿಂತ ನೀರು ಕುಡೀತಾ ನಿಂತಿರ್ತಾವೆ, ಚಳಿಗಾಲ ಪೂರ್ತಿ ರಸ್ತೆಗೆ ಸುರಿದ ಉಪ್ಪೆಲ್ಲ ಅಲ್ಲಿ ಸೇರಿರುತ್ತಲ್ಲ, ಅದಕ್ಕೆ. ಕಾರು ನಿಲ್ಲಿಸಿ ಫೋಟೋ ತೆಗೀತೀವಿ. ಅಲ್ಲಿ ನಾನು ನೋಡಿದ ಒಂದು ಮೂಸ್ ಕಣ್ಣಿಂದ ಹೋಗ್ತಿಲ್ಲ. ಹೆಗಲಿನ ಹತ್ತಿರ, ಕತ್ತಿನ ಪಕ್ಕ, ಕೂದಲು ಪೂರ್ತಿ ಉದುರಿ ಬೂದುಬಿಳಿ ಚರ್ಮ ಕಾಣ್ತಿತ್ತು, ಉಳಿದ ಕೂದಲು ಅರ್ಧಕ್ಕೆ ಮುರಿದು ಮಾಸಲಾಗಿತ್ತು, ಪಕ್ಕೆಲುಬು ಎಣಿಸಬಹುದಿತ್ತು, ಮತ್ತೆ ಮತ್ತೆ ಒಂದು ಮರಕ್ಕೆ ಮೈ ಉಜ್ಜುತ್ತಿತ್ತು, ಕಾರುಗಳ ಕಡೆ ತಿರುಗಿ ನೋಡೋ ಶಕ್ತಿನೂ ಇದ್ದಂಗಿರ್ಲಿಲ್ಲ. ಇಂಥವಕ್ಕೆ ಇಲ್ಲಿ ಗೋಸ್ಟ್ ಮೂಸ್ ಅಂತಾರೆ. ಕಾರಣ ಉಣುಗು. ಶಿವಮೊಗ್ಗ, ಉತ್ತರ ಕನ್ನಡ ಕಡೆಯವರಿಗೆ ಮಂಗನ ಕಾಯಿಲೆ ದೆಸೆಯಿಂದ ಉಣುಗು ಅಂದ್ರೆ ಏನು ಅಂತ ಬಿಡಿಸಿ ಹೇಳೋದು ಬೇಡ.

ಇಲ್ಲಿನದು ವಿಂಟರ್ ಟಿಕ್ ಅನ್ನೋ ಜಾತಿ. ಸೆಪ್ಟೆಂಬರ್, ಅಕ್ಟೋಬರಲ್ಲಿ ಇದರ ಮರಿಗಳು ಗಿಡದ ತುದಿಗೆ ಹತ್ತಿ ಒಂದರ ಕಾಲು ಒಂದು ಹಿಡ್ಕೊಂಡು ಗೊಂಚಲಾಗಿ ನೇತಾಡ್ತಿರ್ತಾವೆ, ಮೂಸ್ ಆ ಕಡೆ ಹಾದು ಹೋದ್ರೆ ಇಡೀ ಗೊಂಚಲೇ ಮೈಗೆ ಅಂಟ್ಕೊಳುತ್ತೆ. ಬೇರೆ ಎಷ್ಟೋ ಉಣುಗು ರಕ್ತ ಕುಡಿದು ಬಿದ್ದುಹೋಗ್ತಾವೆ, ಇದು ಹಾಗಲ್ಲ, ಅದೇ ಪ್ರಾಣಿ ಮೇಲೆ ಇಡೀ ಚಳಿಗಾಲ ಇದ್ದು, ಅಲ್ಲೇ ಬೆಳೆದು, ಮಾರ್ಚ್, ಏಪ್ರಿಲ್ ಹೊತ್ತಿಗೆ ಹೆಣ್ಣು ಉಣುಗು ದ್ರಾಕ್ಷಿ ಹಣ್ಣಿನಷ್ಟು ಊದ್ಕೊಂಡು ಕೆಳಗೆ ಬೀಳುತ್ತೆ. ಮೊದಲಾದ್ರೆ ಇದಕ್ಕೆ ಎರಡು ಕಡೆ ಬ್ರೇಕ್ ಇತ್ತು. ಅಕ್ಟೋಬರಲ್ಲೇ ಚಳಿ, ಹಿಮ ಬಂದ್ರೆ ಗಿಡದ ಮೇಲಿದ್ದ ಮರಿಗಳು ಸಾಯ್ತಿದ್ವು, ಏಪ್ರಿಲಲ್ಲಿ ಬಿದ್ದ ಹೆಣ್ಣು ಉಣುಗು ಹಿಮದ ಮೇಲೆ ಬಿದ್ದು ಮೊಟ್ಟೆ ಇಡೋ ಮುಂಚೆ ಸಾಯ್ತಿತ್ತು. ಈಗ ಹಿಮ ತಡವಾಗಿ ಬರುತ್ತೆ, ಬೇಗ ಕರಗುತ್ತೆ, ಎರಡು ಬ್ರೇಕೂ ಹೋಯ್ತು. ನ್ಯೂ ಹ್ಯಾಂಪ್‌ಶೈರ್ ಮತ್ತು ಮೇಯ್ನ್ ರಾಜ್ಯಗಳಲ್ಲಿ 2014ರಿಂದ 2016ರ ತನಕ ಕಾಲರ್ ಹಾಕಿ ನೋಡಿದಾಗ ಮೂಸ್ ಮರಿಗಳಲ್ಲಿ ಶೇಕಡಾ 70ರಷ್ಟು ಸತ್ತವು, ಒಂದೊಂದರ ಮೈಮೇಲೆ ಸರಾಸರಿ 47,000 ಉಣುಗು. ಆ ಪುಟ್ಟ ಮರಿಯ ಮೈಯಲ್ಲಿ ರಕ್ತ ಹೊಸದಾಗಿ ಆಗೋ ವೇಗಕ್ಕಿಂತ ಉಣುಗು ಕುಡಿಯೋ ವೇಗ ಜಾಸ್ತಿ, ತೂಕ ಇಳಿದು, ರಕ್ತ ಇಲ್ಲದೆ, ಇನ್ನೇನು ಹಸಿರು ಚಿಗುರೋ ಹೊತ್ತಿಗೆ ಕುಸಿದು ಬೀಳುತ್ತೆ. ಇದನ್ನ ಓದಿದ ಮೇಲೂ "ಈ ಸಲ ಸ್ನೋ ಲೇಟು, ಸೂಪರ್" ಅಂತ ಬರೆಯೋಕೆ ನನ್ನ ಕೈಲಂತೂ ಆಗ್ತಿಲ್ಲ.

ಅದಲ್ಲದೆ ಮೂಸ್‌ಗೆ ಸೆಕೆನೂ ತಡ್ಕೊಳೋಕಾಗಲ್ಲ. ಚಳಿಗಾಲದ ಕೋಟು ಮೈಮೇಲಿದ್ದಾಗ ಮೈನಸ್ 5 ಡಿಗ್ರಿ ದಾಟಿದ್ರೇ ಅದಕ್ಕೆ ಏದುಸಿರು ಶುರುವಾಗಬಹುದು. ನಾವು ಜಾಕೆಟ್ ಜಿಪ್ ಹಾಕ್ಕೊಂಡು ನಡುಗೋ ಹವೆ ಅದಕ್ಕೆ ಬೇಗೆ. ಇನ್ನು ದಕ್ಷಿಣದಿಂದ ಬಿಳಿಬಾಲದ ಜಿಂಕೆ ಉತ್ತರಕ್ಕೆ ಬರ್ತಿದೆ, ಹಿಂದೆ ಆಳ ಹಿಮ ಅದನ್ನ ತಡೀತಿತ್ತು. ಅದರ ಜೊತೆ ಬ್ರೇನ್‌ವರ್ಮ್ ಅನ್ನೋ ಹುಳನೂ ಬರುತ್ತೆ, ಜಿಂಕೆಗೆ ಅದರಿಂದ ಏನೂ ಆಗಲ್ಲ, ಎಲೆ ಮೇಲಿನ ಬಸವನಹುಳದ ಮೂಲಕ ಮೂಸ್ ಅಥವಾ ಕ್ಯಾರಿಬೂ (ಇಲ್ಲಿನ ಹಿಮಸಾರಂಗ) ಹೊಟ್ಟೆಗೆ ಹೋದ್ರೆ ಮೆದುಳು, ಬೆನ್ನುಹುರಿ ಹಾಳಾಗಿ ಸುತ್ತಿ ಸುತ್ತಿ ಸಾಯುತ್ತೆ.

ಪೀಟರ್‌ಬರೋ ಹತ್ತಿರದ ಹಾರೋ ಅಳಿಲಿನ ಕಥೆ ಕೇಳಿ, ಮಲೆನಾಡಿನವರಿಗೆ ಹಾರುಬೆಕ್ಕು ಗೊತ್ತಲ್ಲ, ಅದರ ದೂರದ ನೆಂಟ, ಅಂಗೈ ಗಾತ್ರದ್ದು. ಉತ್ತರದ ಜಾತಿ ಒಂದು, ದಕ್ಷಿಣದ ಜಾತಿ ಒಂದು. 1990ರ ದಶಕದ ಮಧ್ಯದಿಂದ ಸಾಲಾಗಿ ಬೆಚ್ಚಗಿನ ಚಳಿಗಾಲಗಳು ಬಂದಾಗ ದಕ್ಷಿಣದ್ದು ಸುಮಾರು 200 ಕಿಲೋಮೀಟರ್ ಉತ್ತರಕ್ಕೆ ಸರಿದು ಉತ್ತರದ ಜಾತಿಯ ಜೊತೆ ಬೆರೆತು ಮಿಶ್ರ ಮರಿಗಳಾಗಿವೆ, 2010ರಲ್ಲಿ ಟ್ರೆಂಟ್ ಯೂನಿವರ್ಸಿಟಿಯವರು ಡಿಎನ್‌ಎ ನೋಡಿ ಇದನ್ನ ತೋರಿಸಿದ್ರು. ಉತ್ತರದ ಅಳಿಲು ನೆಲದಡಿಯ ಅಣಬೆ ಅಗೆದು ತಿಂದು ಅದರ ಬೀಜಕಣಗಳನ್ನ ಕಾಡೆಲ್ಲ ಹರಡುತ್ತೆ, ಆ ಅಣಬೆಗಳು ಮರದ ಬೇರಿಗೆ ನೀರು, ಸತ್ವ ಎಳೆದು ಕೊಡ್ತಾವೆ, ಅಂದ್ರೆ ಈ ಅಳಿಲು ಹೋದ್ರೆ ಅಳಿಲು ಒಂದೇ ಹೋಗಲ್ಲ. ಇವುಗಳ ತುಪ್ಪಳ ಯುವಿ ಲೈಟ್ ಬಿಟ್ರೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತೆ ಅನ್ನೋದು 2019ರಲ್ಲಷ್ಟೇ ಗೊತ್ತಾಗಿದ್ದು. ಯಾಕೆ ಹೊಳೆಯುತ್ತೆ ಅನ್ನೋದು ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ.

ವುಲ್ವರೀನ್ ಅನ್ನೋ, ವೀಸೆಲ್ ಬಳಗದ ದೊಡ್ಡ ಬೇಟೆಗಾರ ಪ್ರಾಣಿ ಬಗ್ಗೆ ಚುಟುಕಾಗಿ. ಪಶ್ಚಿಮದ ಬೆಟ್ಟಗಳಲ್ಲಿ ತಾಯಿ ಫೆಬ್ರವರಿ, ಮಾರ್ಚ್ ಹೊತ್ತಿಗೆ ಆಳ ಹಿಮದೊಳಗೆ ಸುರಂಗ ತೋಡಿ ಬಿಳಿ ಬಿಳಿ ಮರಿ ಹಾಕುತ್ತೆ, ಮೇ ತಿಂಗಳವರೆಗೂ ಆ ಹಿಮ ಉಳೀಬೇಕು, ಮಾಂಸ ಕೆಡದಂತೆ ಬಚ್ಚಿಡೋಕೂ ಅದಕ್ಕೆ ಹಿಮ ಬೇಕು. 2023ರ ನವೆಂಬರಲ್ಲಿ ಅಮೆರಿಕ ಸರ್ಕಾರ ಅಲಾಸ್ಕಾ ಬಿಟ್ಟು ತನ್ನ ಉಳಿದ ನೆಲದ ವುಲ್ವರೀನ್‌ನ ಅಪಾಯದಲ್ಲಿರೋ ಜೀವಿ ಅಂತ ಘೋಷಿಸ್ತು, ಕೊಟ್ಟ ಮುಖ್ಯ ಕಾರಣಗಳಲ್ಲಿ ಹಿಮ ಕಮ್ಮಿ ಆಗ್ತಿರೋದೂ ಒಂದು.

ನಾನು ಈ ಪತ್ರ ಬರೆಯೋಕೆ ಕೂತಿದ್ದೇ ಕ್ಯಾರಿಬೂ ಸಲುವಾಗಿ. ನಿಮ್ಮ ಜೇಬಿನ 25 ಸೆಂಟ್ ನಾಣ್ಯ ತಿರುಗಿಸಿ ನೋಡಿ, 1937ರಿಂದ ಅದರ ಮೇಲಿರೋ ಪ್ರಾಣಿ ಅದೇ. ಉತ್ತರದ ಮರವಿಲ್ಲದ ಬಯಲಲ್ಲಿ ಲಕ್ಷಗಟ್ಟಲೆ ಓಡೋ ಕ್ಯಾರಿಬೂ ಬೇರೆ, ಕಾಡೊಳಗೆ ಚಿಕ್ಕ ಚಿಕ್ಕ ಗುಂಪಾಗಿ, ಸದ್ದಿಲ್ಲದೆ ಬದುಕೋ ವುಡ್‌ಲ್ಯಾಂಡ್ ಕ್ಯಾರಿಬೂ ಬೇರೆ, ನಾನು ಹೇಳ್ತಿರೋದು ಇದರ ವಿಷ್ಯ. ಜಿಂಕೆ ಜಾತಿಯಲ್ಲಿ ಹೆಣ್ಣಿಗೂ ಕೊಂಬು ಬರೋದು ಇದಕ್ಕೆ ಮಾತ್ರ. ಬೇಸಿಗೆಯಲ್ಲಿ ಗೊರಸಿನ ಅಡಿ ಸ್ಪಂಜಿನ ಹಾಗೆ ಮೆತ್ತಗೆ, ಜೌಗು ನೆಲದ ಮೇಲೆ ಹೂಳಲ್ಲ, ಚಳಿಗಾಲ ಬಂದ್ರೆ ಆ ಮೆತ್ತೆ ಕುಗ್ಗಿ ಗೊರಸಿನ ಅಂಚು ಹರಿತವಾಗಿ ಹೊರಗೆ ಬರುತ್ತೆ, ಅದರಿಂದಲೇ ಐಸ್ ಕೆರೆದು ಮೇವು ತೆಗೆಯುತ್ತೆ. ಕಣ್ಣಿನ ಒಳಪದರದ ಬಣ್ಣ ಕೂಡ ಬೇಸಿಗೆಯಲ್ಲಿ ಹೊನ್ನಿನ ಬಣ್ಣ ಇದ್ದಿದ್ದು ಕತ್ತಲ ಚಳಿಗಾಲದಲ್ಲಿ ನೀಲಿಯಾಗುತ್ತೆ, ಇದನ್ನ ನಾರ್ವೆಯ ಹಿಮಸಾರಂಗಗಳಲ್ಲಿ 2013ರಲ್ಲಿ ಕಂಡುಹಿಡಿದ್ರು, ಎರಡೂ ಒಂದೇ ಜಾತಿ. ಒಂದು ಪ್ರಾಣಿಯ ಕಾಲು, ಕಣ್ಣು ಎಲ್ಲ ಚಳಿಗಾಲಕ್ಕೆ ಅಂತ ಹೀಗೆ ಬದಲಾಗುತ್ತೆ, ಈಗ ಚಳಿಗಾಲವೇ ನೆಟ್ಟಗಿಲ್ಲ.

ಚಳಿಗಾಲದಲ್ಲಿ ಅದು ತಿನ್ನೋದು ಲೈಕನ್. ನಮ್ಮ ಅಡುಗೆಮನೆ ಮಸಾಲೆ ಡಬ್ಬಿಯಲ್ಲಿರೋ ಕಲ್ಲುಹೂವು ಇದೆಯಲ್ಲ, ಅದೇ ಬಳಗದ್ದು. ಹಳೇ ಕಾಡಿನ ನೆಲದ ಮೇಲೆ, ಹಳೇ ಮರದ ಕೊಂಬೆ ಮೇಲೆ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತೆ. ಬೆಂಕಿ ಬಿದ್ರೆ ಅಥವಾ ಮರ ಕಡಿದ್ರೆ ಮತ್ತೆ ಕ್ಯಾರಿಬೂ ಹೊಟ್ಟೆ ತುಂಬೋಷ್ಟು ಲೈಕನ್ ಬರೋಕೆ ಐವತ್ತು ವರ್ಷ, ಇನ್ನೂ ಜಾಸ್ತಿನೂ ಬೇಕು. 2023ರ ಬೇಸಿಗೆ ನೆನಪಿದೆಯಲ್ಲ, ಟೊರಾಂಟೋದಲ್ಲಿ ಹೊಗೆ ಕವಿದು ಮಕ್ಕಳನ್ನ ಆಚೆ ಬಿಡೋಕಾಗದೆ ಕಿಟಕಿ ಮುಚ್ಕೊಂಡು ಕೂತಿದ್ವಿ, ಆ ವರ್ಷ ಕೆನಡಾದಲ್ಲಿ ಸುಟ್ಟಿದ್ದು ಸುಮಾರು ಒಂದೂವರೆ ಕೋಟಿ ಹೆಕ್ಟೇರ್, ಮುಕ್ಕಾಲು ಕರ್ನಾಟಕದಷ್ಟು, ಹಿಂದಿನ ಯಾವ ದಾಖಲೆಗೂ ಎರಡು ಪಟ್ಟು. ಆ ಹೊಗೆ ನಾಲ್ಕು ದಿನಕ್ಕೆ ನಮ್ಮ ತಲೆಮೇಲಿಂದ ಹೋಯ್ತು, ಆ ಸುಟ್ಟ ನೆಲಕ್ಕೆ ಲೈಕನ್ ವಾಪಸ್ ಬರೋಷ್ಟರಲ್ಲಿ ನಮ್ಮ ಮೊಮ್ಮಕ್ಕಳ ಕಾಲ ಬಂದಿರುತ್ತೆ.

ಸುಟ್ಟ ಜಾಗದಲ್ಲಿ, ಕಡಿದ ಜಾಗದಲ್ಲಿ ಎಳೇ ಚಿಗುರು ಬರುತ್ತೆ, ಅದನ್ನ ತಿನ್ನೋಕೆ ಮೂಸ್, ಜಿಂಕೆ ಬರ್ತಾವೆ, ಅವುಗಳ ಹಿಂದೆ ತೋಳ ಬರುತ್ತೆ. ಲಾರಿಗೆ ಅಂತ ಮಾಡಿದ ರಸ್ತೆ, ಎಣ್ಣೆ ಹುಡುಕೋಕೆ ಅಂತ ಕಾಡಲ್ಲಿ ಗೆರೆ ಎಳೆದ ಹಾಗೆ ಕಡಿದ ದಾರಿಗಳು, ಇವುಗಳ ಮೇಲೆ ತೋಳ ಸರಾಗವಾಗಿ ಓಡುತ್ತೆ. ಕ್ಯಾರಿಬೂ ವರ್ಷಕ್ಕೆ ಹಾಕೋದು ಒಂದೇ ಮರಿ. ತೋಳದಿಂದ ದೂರ, ಯಾರೂ ಬಾರದ ಹಳೇ ಕಾಡೊಳಗೆ ಚದುರಿ ಇರೋದೇ ಅದರ ಬದುಕೋ ಉಪಾಯ, ಆ ಉಪಾಯ ನಡೀಬೇಕಾದ್ರೆ ಜಾಗ ಬೇಕು. ಫೆಡರಲ್ ಸರ್ಕಾರದ 2012ರ ಯೋಜನೆಯಲ್ಲೇ ಲೆಕ್ಕ ಹಾಕಿದ್ದಾರೆ, ಒಂದು ಗುಂಪಿನ ವಾಸದ ಪ್ರದೇಶದಲ್ಲಿ ಕನಿಷ್ಠ ಶೇಕಡಾ 65ರಷ್ಟು ಕಾಡು ಹಾಳಾಗದೆ ಉಳಿದ್ರೆ ಆ ಗುಂಪು ತಾನಾಗೇ ಬದುಕೋ ಸಾಧ್ಯತೆ ಶೇಕಡಾ 60. ಅಷ್ಟು ಮಾಡಿದ್ರೂ ಅರವತ್ತೇ! ಅಮೆರಿಕದ ಐಡಾಹೋ ಗಡಿಯಲ್ಲಿ ಕೊನೆಗುಳಿದಿದ್ದ ಗುಂಪು 2018ರ ಹೊತ್ತಿಗೆ ಮೂರಕ್ಕೆ ಇಳಿದು, 2019ರ ಜನವರಿಯಲ್ಲಿ ಕೊನೇ ಒಂದನ್ನ ಹಿಡಿದು ಬ್ರಿಟಿಷ್ ಕೊಲಂಬಿಯಾದ ಬೇಲಿ ಹಾಕಿದ ಜಾಗಕ್ಕೆ ಸಾಗಿಸಿದ್ರು, ಅಲ್ಲಿಗೆ ಅಲಾಸ್ಕಾ ಬಿಟ್ಟು ಉಳಿದ ಅಮೆರಿಕದಲ್ಲಿ ಕ್ಯಾರಿಬೂ ಕಥೆ ಮುಗೀತು. ನಮ್ಮ ಒಂಟಾರಿಯೋದಲ್ಲೇ ಲೇಕ್ ಸುಪೀರಿಯರ್‌ನ ಮಿಚಿಪಿಕೋಟನ್ ದ್ವೀಪದಲ್ಲಿ ನೂರಾರು ಕ್ಯಾರಿಬೂ ಇದ್ವು, 2014ರಲ್ಲಿ ಸರೋವರ ಹೆಪ್ಪುಗಟ್ಟಿದಾಗ ತೋಳಗಳು ದಾಟಿ ಬಂದು ನಾಲ್ಕೇ ವರ್ಷದಲ್ಲಿ ಮುಗಿಸೋ ಹಂತಕ್ಕೆ ತಂದ್ವು, ಮಿಚಿಪಿಕೋಟನ್ ಫಸ್ಟ್ ನೇಷನ್‌ನವರು (ಅಲ್ಲಿನ ಮೂಲನಿವಾಸಿ ಸಮುದಾಯ) ಪಟ್ಟು ಹಿಡಿದು ಕೂತ ಮೇಲೆ 2018ರ ಜನವರಿಯಲ್ಲಿ ಉಳಿದ ಕೆಲವನ್ನ ಹೆಲಿಕಾಪ್ಟರಲ್ಲಿ ಬೇರೆ ದ್ವೀಪಗಳಿಗೆ ಸಾಗಿಸಿದ್ರು.

ಪರಿಸ್ಥಿತಿ ಹೀಗಿರೋವಾಗ ಒಂಟಾರಿಯೋ ಸರ್ಕಾರ 2025ರ ಜೂನಲ್ಲಿ ಬಿಲ್ 5 ಪಾಸ್ ಮಾಡ್ತು. 2007ರ ಅಳಿವಿನಂಚಿನ ಜೀವಿಗಳ ಕಾಯ್ದೆಯನ್ನ ಸಡಿಲಿಸಿ, ಅದರ ಜಾಗಕ್ಕೆ ಇನ್ನೊಂದು ಹಗುರ ಕಾಯ್ದೆ ತರೋದಕ್ಕೆ ದಾರಿ ಮಾಡ್ತು. ಅದರಲ್ಲಿ ಒಂದು ಪ್ರಾಣಿಯ "ವಾಸಸ್ಥಾನ" ಅಂದ್ರೆ ಅದರ ಗೂಡು, ಬಿಲದಂಥ ಜಾಗ ಮತ್ತು ಅದರ ಅಕ್ಕಪಕ್ಕದ ಜಾಗ ಅನ್ನೋ ಮಟ್ಟಕ್ಕೆ ಇಳಿಸಿದ್ದಾರೆ. ಕ್ಯಾರಿಬೂಗೆ ಬಿಲ ಎಲ್ಲಿದೆ ಸ್ವಾಮಿ? ಅದಕ್ಕೆ ಗೂಡೂ ಇಲ್ಲ. ನೂರಾರು ಚದರ ಕಿಲೋಮೀಟರ್ ನಡೆದಾಡಿ, ಎಲ್ಲಿ ಲೈಕನ್ ಇದೆಯೋ ಅಲ್ಲಿ ತಿಂದು, ಎಲ್ಲಿ ತೋಳ ಇಲ್ಲವೋ ಅಲ್ಲಿ ಮರಿ ಹಾಕೋ ಪ್ರಾಣಿಗೆ ಮಲಗಿದ ಜಾಗ ಮಾತ್ರ ಮನೆ ಅಂತ ಕಾನೂನು ಹೇಳಿದ್ರೆ ಅದು ರಕ್ಷಣೆ ಹೇಗಾಗುತ್ತೆ? ಮೊದಲು ಪರ್ಮಿಟ್ ಬೇಕಿದ್ದ ಬಹುತೇಕ ಕೆಲಸಕ್ಕೆ ಇನ್ಮೇಲೆ ಆನ್‌ಲೈನ್ ರಿಜಿಸ್ಟರ್ ಮಾಡಿದ್ರೆ ಸಾಕು ಅನ್ನೋದು ಹೊಸ ಪದ್ಧತಿ. ಮನೆ ಬೇಕು, ಕೆಲಸ ಬೇಕು, ಗಣಿ ಬೇಕು ಅನ್ನೋ ವಾದ ನಂಗೆ ಅರ್ಥ ಆಗುತ್ತೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಕೆಲಸ ಹೋಗಿದೆ, ಬಾಡಿಗೆ ಕಟ್ಟೋದು ಕಷ್ಟ ಆಗಿದೆ. ಉತ್ತರದ ಫಸ್ಟ್ ನೇಷನ್ ಸಮುದಾಯಗಳಲ್ಲೂ ರಸ್ತೆ ಬೇಕು ಅನ್ನೋರಿದ್ದಾರೆ, ಬೇಡವೇ ಬೇಡ ಅನ್ನೋರೂ ಇದ್ದಾರೆ. ಆದ್ರೆ ಪರಿಶೀಲನೆ ಮಾಡದೇ ಇರೋದು ಇದಕ್ಕೆ ಉತ್ತರ ಅಂತ ನಾನು ಒಪ್ಪಲ್ಲ.

ಹವಾಮಾನವನ್ನ ಒಂಟಾರಿಯೋ ಒಂದೇ ಸರಿ ಮಾಡೋಕೆ ಆಗಲ್ಲ, ನಿಜ. ಹಿಮ ಮತ್ತೆ ಮೊದಲಿನ ಹಾಗೆ ಬೀಳಲಿ ಅಂತ ಯಾವ ಮಂತ್ರಿಗೂ ಪತ್ರ ಬರೆಯೋಕಾಗಲ್ಲ. ಆದ್ರೆ ಹಿಮ ಕೈಕೊಡ್ತಿರೋ ಈ ಹೊತ್ತಲ್ಲಿ ಕಾಡನ್ನಾದ್ರೂ ತುಂಡು ಮಾಡದೆ ಬಿಟ್ರೆ ಈ ಪ್ರಾಣಿಗಳಿಗೆ ಸರಿದು ಹೋಗೋಕೆ ಜಾಗ ಇರುತ್ತೆ, ಅದು ಪೂರ್ತಿ ನಮ್ಮ ಸರ್ಕಾರಗಳ ಕೈಯಲ್ಲಿದೆ. ಆಗುತ್ತೆ ಅನ್ನೋದಕ್ಕೆ ಸಾಕ್ಷಿನೂ ಇದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಕ್ಲಿನ್ಸೆ-ಜಾ ಅನ್ನೋ ಗುಂಪು 2013ರಲ್ಲಿ 38ಕ್ಕೆ ಇಳಿದಿತ್ತು. ವೆಸ್ಟ್ ಮೊಬರ್ಲಿ ಮತ್ತು ಸೋಟೋ ಫಸ್ಟ್ ನೇಷನ್‌ನ ಜನ ಬೆಟ್ಟದ ಮೇಲೆ ಬೇಲಿ ಕಟ್ಟಿ, ಗಬ್ಬದ ಕ್ಯಾರಿಬೂಗಳನ್ನ ತಂದು, ಹಗಲೂ ರಾತ್ರಿ ಕಾವಲಿದ್ದು, ಕೈಯಾರೆ ಲೈಕನ್ ಬಿಡಿಸಿ ತಂದು ತಿನ್ನಿಸಿ, ಮರಿ ಕಾಲೂರಿ ಗಟ್ಟಿಯಾದ ಮೇಲೆ ಬಿಟ್ರು, ಜೊತೆಗೆ ತೋಳಗಳನ್ನೂ ಕಮ್ಮಿ ಮಾಡಿದ್ರು, ಅದು ಕಹಿ ನಿರ್ಧಾರ, ಅವರಿಗೂ ಇಷ್ಟ ಇರ್ಲಿಲ್ಲ ಅಂತಲೇ ನನ್ನ ಅನಿಸಿಕೆ. 2021ಕ್ಕೆ ಆ ಗುಂಪು 101 ಆಯ್ತು. 2020ರಲ್ಲಿ ಫೆಡರಲ್, ಪ್ರಾಂತ್ಯ ಎರಡೂ ಸರ್ಕಾರಗಳು ಅವರ ಜೊತೆ ಕೂತು ದೊಡ್ಡ ಪ್ರದೇಶವನ್ನ ಕಾಪಾಡೋ ಒಪ್ಪಂದಕ್ಕೆ ಸಹಿ ಹಾಕಿದ್ವು. ಒಂದೊಂದು ಹಿಡಿ ಲೈಕನ್ ಕೈಯಲ್ಲಿ ಬಿಡಿಸಿ ಒಂದು ಜಾತಿಯನ್ನ ಉಳಿಸ್ತಿರೋ ಆ ಜನರಿಗೆ ನಾನು ಕೈ ಮುಗೀತೀನಿ.

ನಾವು ಈ ನೆಲಕ್ಕೆ ಹೊಸಬರು, ಇದು ನಮ್ಮ ಜಗಳ ಅಲ್ಲ ಅಂತ ಕೆಲವರು ನಂಗೆ ಹೇಳಿದ್ದಾರೆ. ನಾವು ಇಲ್ಲಿ ತೆರಿಗೆ ಕಟ್ತೀವಿ, ಮನೆ ತಗೊಂಡಿದ್ದೀವಿ, ಮಕ್ಕಳು ಇಲ್ಲೇ ಹುಟ್ಟಿ ಬೆಳೀತಿದಾರೆ. 1983ರಲ್ಲಿ ಸಿರ್ಸಿ ಹತ್ತಿರದ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕೊಡಲಿ ತಡೆದ ನಾಡಿನವರು ನಾವು, ಕಾಡು ಯಾರದ್ದು ಅಂತ ಕೇಳ್ಕೊಂಡು ಸುಮ್ನೆ ಕೂರೋದು ನಮಗೆ ಒಪ್ಪಲ್ಲ.

ಹಾಗಾಗಿ ನಾನು ಕೇಳೋ ಕೆಲಸ ಇಷ್ಟು. ನಿಮ್ಮ ಎಂಪಿಗೆ ಒಂದು ಪತ್ರ ಬರೀರಿ, ಹೌಸ್ ಆಫ್ ಕಾಮನ್ಸ್ ವಿಳಾಸಕ್ಕೆ ಕಳಿಸೋ ಪತ್ರಕ್ಕೆ ಸ್ಟ್ಯಾಂಪ್ ಬೇಡ, ಉಚಿತ. ಸಿಟಿಜನ್ ಆಗಿಲ್ಲ, ಪಿಆರ್ ಮಾತ್ರ ಅಂತ ಹಿಂಜರೀಬೇಡಿ, ಪತ್ರ ಬರೆಯೋಕೆ ಓಟು ಇರಬೇಕು ಅಂತೇನಿಲ್ಲ. ಅದರಲ್ಲಿ ಕೇಳಬೇಕಾದ್ದು, ಪ್ರಾಂತ್ಯ ಸರ್ಕಾರ ಕಾಪಾಡದೆ ಹೋದ್ರೆ ಮಧ್ಯೆ ಬರೋಕೆ ಫೆಡರಲ್ ಕಾಯ್ದೆಯಲ್ಲಿ ಅಧಿಕಾರ ಇದೆ, ಬೋರಿಯಲ್ ಕಾಡಿನ ಈ ಕ್ಯಾರಿಬೂ ವಿಷ್ಯದಲ್ಲಿ ಅದನ್ನ ಬಳಸ್ತೀರಾ ಇಲ್ವಾ, ಮತ್ತು 2022ರಲ್ಲಿ ಮಾಂಟ್ರಿಯಲ್ ಜೀವವೈವಿಧ್ಯ ಸಮ್ಮೇಳನದಲ್ಲಿ 2030ರೊಳಗೆ ಶೇಕಡಾ 30ರಷ್ಟು ನೆಲ ಕಾಪಾಡ್ತೀವಿ ಅಂತ ಒಪ್ಪಿಕೊಂಡಿದ್ದು ಫಸ್ಟ್ ನೇಷನ್‌ಗಳ ಮುಂದಾಳತ್ವದಲ್ಲಿ ಎಲ್ಲಿಗೆ ಬಂತು ಅಂತ. ನಿಮ್ಮ ಎಂಪಿಪಿಗೆ (ಪ್ರಾಂತ್ಯದ ಶಾಸಕರಿಗೆ) ಒಂದು ಈಮೇಲ್, ವಾಸಸ್ಥಾನದ ವ್ಯಾಖ್ಯಾನ ಮೊದಲಿನ ಹಾಗೆ ಮಾಡಿ, ಕ್ಯಾರಿಬೂ ಕಾಡಿಗೆ ಆ ಶೇಕಡಾ 65ರ ಮಿತಿ ಉಳಿಸಿ ಅಂತ. ಕಾಪಿ ಪೇಸ್ಟ್ ಬೇಡ, ನಿಮ್ಮದೇ ಮಾತಲ್ಲಿ ನಾಲ್ಕು ಸಾಲು ಬರೆದ್ರೆ ಅದಕ್ಕೆ ತೂಕ ಜಾಸ್ತಿ. ಅಂಗಡಿಯಲ್ಲಿ ಟಾಯ್ಲೆಟ್ ಪೇಪರ್, ಟಿಶ್ಯೂ ತಗೋವಾಗ ರೀಸೈಕಲ್ ಮಾಡಿದ ಕಾಗದದ್ದು ನೋಡಿ ತಗೊಳಿ, ಈ ಕಾಡಿನ ಮರದ ತಿರುಳು ಟಿಶ್ಯೂ ಆಗಿ ಒಂದೇ ಸಲಕ್ಕೆ ಫ್ಲಶ್ ಆಗಿ ಹೋಗ್ತಿದೆ.

ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಒಂದು ವಿಶೇಷ ವಿನಂತಿ. ಈ ನವೆಂಬರಲ್ಲಿ ರಾಜ್ಯೋತ್ಸವ ಮಾಡ್ತೀರಲ್ಲ, ಊಟದ ಹಾಲಿನ ಬಾಗಿಲ ಹತ್ತಿರ ಒಂದು ಟೇಬಲ್, ಒಂದಷ್ಟು ಹಾಳೆ, ಕವರು, ಪೆನ್ನು ಇಡೋಕೆ ಜಾಗ ಕೊಡಿ. ಯಾವ ಏರಿಯಾಕ್ಕೆ ಯಾರು ಎಂಪಿ, ಯಾರು ಎಂಪಿಪಿ ಅಂತ ಪಟ್ಟಿ ನಾನು ಮಾಡ್ಕೊಂಡು ಬರ್ತೀನಿ, ಮಕ್ಕಳಿಗೆ ಕ್ಯಾರಿಬೂ, ಲಿಂಕ್ಸ್ ಚಿತ್ರ ಬಿಡಿಸೋಕೆ ಬಣ್ಣನೂ ತರ್ತೀನಿ, ಬರೆದ ಪತ್ರಗಳನ್ನೆಲ್ಲ ಒಟ್ಟು ಮಾಡಿ ಪೋಸ್ಟ್ ಮಾಡೋ ಜವಾಬ್ದಾರಿನೂ ನಂದೇ. ಜಾಗ ಕೊಡೋಕೆ ಒಪ್ಪೋ ಸಂಘದವರು ಅಕ್ಟೋಬರ್ ಮೊದಲ ವಾರದೊಳಗೆ ತಿಳಿಸಿದ್ರೆ ಅನುಕೂಲ.

ಇಂತಿ,
ಒಂಟಾರಿಯೋದಲ್ಲಿ ನೆಲೆಸಿರೋ ನಿಮ್ಮೊಬ್ಬ ಕನ್ನಡಿಗ